ಅಡಿಕೆಯ ಬಗೆ ಯಾವುವು ಎಂದು ಡೇಟಾಬೇಸನ್ನೇ ಕೇಳಿ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಗಂಟಿನ ಸುತ್ತ ಇವೆ. ಒಂದು ಕಾಲಂನಲ್ಲಿ ಯಾವ ಯಾವ ಪದ ಬರೆಯಬಹುದು ಎಂಬ ಪಟ್ಟಿ ಎಲ್ಲಿ ಕೂತಿದೆ, ಅದನ್ನು ಓದುವುದು ಹೇಗೆ ಎಂಬ ಗಂಟು ಅದು. ಉಳಿದ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ಎಂದಿನಂತೆ ಆದೇಶಗಳನ್ನು ಉಚ್ಚರಿಸುವ ಹಾಗೆಯೇ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಯಂತ್ರಕ್ಕೆ ಕೊಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ.

ಪ್ರಶ್ನೆ: ಮೇಡಂ, ನಾನು ಉತ್ತರ ಕನ್ನಡ ಜಿಲ್ಲೆಯ ಒಂದು ಸಹಕಾರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಸದಸ್ಯರು ತಂದ ಅಡಿಕೆಯ ತೂಕದ ಚೀಟಿ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ದಾಖಲಾಗುತ್ತದೆ. ‘ಬಗೆ’ ಎಂಬ ಕಾಲಂನಲ್ಲಿ ರಾಶಿ, ಬೆಟ್ಟೆ, ಚಾಲಿ, ಬಿಳಿಗೋಟು, ಕೆಂಪುಗೋಟು, ಕೋಕಾ ಇವಿಷ್ಟೇ ಇರಬಹುದು ಎಂದು ಚೆಕ್ ಕನ್‌ಸ್ಟ್ರೇಂಟ್ (ಚೆಕ್ ನಿರ್ಬಂಧ) ಇದೆ. ಇದೇ ಪಟ್ಟಿ ಪರದೆಯ ಮೇಲಿನ ಫಾರಂನಲ್ಲಿ ಒಮ್ಮೆ, ವರದಿಯಲ್ಲಿ ಇನ್ನೊಮ್ಮೆ ಬರೆದಿದೆ. ಕಳೆದ ತಿಂಗಳು ನಾನು ಫಾರಂಗೆ ‘ತಟ್ಟಿಬೆಟ್ಟೆ’ ಸೇರಿಸಿದೆ. ಟೆಂಡರ್ ದಿನ ಮೂವರು ಸದಸ್ಯರ ಚೀಟಿ ಸೇವ್ ಆಗಲಿಲ್ಲ, ಅವರು ಸಂಜೆಯವರೆಗೆ ಕಾಯಬೇಕಾಯಿತು. ಫಾರಂ ತನ್ನ ಪಟ್ಟಿಯನ್ನು ಆ ಕನ್‌ಸ್ಟ್ರೇಂಟಿನಿಂದಲೇ ಓದಿಕೊಳ್ಳುವಂತೆ ಮಾಡಬಹುದೇ? ಡೇಟಾಬೇಸ್ ತನ್ನ ಟೇಬಲ್‌ಗಳ ವಿವರ ತೋರಿಸುವ ಇನ್‌ಫರ್ಮೇಶನ್_ಸ್ಕೀಮಾದಲ್ಲಿ ಹುಡುಕುವ ಒಂದು ಕ್ವೆರಿ ಬರೆದೆ. ನನ್ನ ಲಾಗಿನ್‌ನಲ್ಲಿ ಸರಿಯಾಗಿ ಬರುತ್ತದೆ, ಫಾರಂ ಬಳಸುವ ಲಾಗಿನ್‌ನಲ್ಲಿ ಒಂದು ಸಾಲೂ ಬರುವುದಿಲ್ಲ. ದೋಷದ ಸಂದೇಶವೂ ಇಲ್ಲ.

ಉತ್ತರ: ಮೊದಲು ಆ ಖಾಲಿ ಉತ್ತರದ ಕಾರಣ ಹೇಳುತ್ತೇನೆ, ಏಕೆಂದರೆ ಅದರ ಹಿಂದೆ ನೀವು ಎಷ್ಟು ರಾತ್ರಿ ಕಳೆದಿದ್ದೀರಿ ಎಂದು ಪತ್ರದ ಅಕ್ಷರಗಳಿಂದಲೇ ಗೊತ್ತಾಗುತ್ತದೆ. ಇನ್‌ಫರ್ಮೇಶನ್_ಸ್ಕೀಮಾದ ‘ಚೆಕ್_ಕನ್‌ಸ್ಟ್ರೇಂಟ್ಸ್’ ಎಂಬ ನೋಟ (ವ್ಯೂ) ಎಲ್ಲರಿಗೂ ಎಲ್ಲವನ್ನೂ ತೋರಿಸುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲಿನ ಒಡೆತನ ಯಾರದೋ ಅವರಿಗೆ ಮಾತ್ರ ಆ ಟೇಬಲಿನ ನಿರ್ಬಂಧಗಳು ಅಲ್ಲಿ ಕಾಣುತ್ತವೆ. ಟೇಬಲ್ ಕಟ್ಟಿದ್ದು ನಿಮ್ಮ ಲಾಗಿನ್, ಆದ್ದರಿಂದ ನಿಮಗೆ ಕಂಡಿತು. ಫಾರಂನ ಲಾಗಿನ್‌ಗೆ ಓದುವ, ಬರೆಯುವ ಅನುಮತಿ ಇದೆ, ಒಡೆತನ ಇಲ್ಲ. ಹಾಗೆಂದು ಫಾರಂನ ಲಾಗಿನ್‌ಗೆ ಒಡೆತನ ಕೊಡಬೇಡಿ. ಒಂದು ಪಟ್ಟಿ ಓದುವ ಸಲುವಾಗಿ ಟೇಬಲನ್ನೇ ಅಳಿಸುವ ಅಧಿಕಾರ ಕೊಟ್ಟಂತಾಗುತ್ತದೆ.

ಪೋಸ್ಟ್‌ಗ್ರೆಸ್‌ನ ಸ್ವಂತ ವಿವರಗಳ ಟೇಬಲೊಂದಿದೆ, ಹೆಸರು ಪಿಜಿ_ಕನ್‌ಸ್ಟ್ರೇಂಟ್. ಅದನ್ನು ಯಾವ ಲಾಗಿನ್ ಬೇಕಾದರೂ ಓದಬಹುದು. ಅದರಲ್ಲಿ ‘ಕಾನ್‌ಟೈಪ್’ ಕಾಲಂನಲ್ಲಿ ಸಿ ಅಕ್ಷರವಿರುವ ಸಾಲುಗಳು ಚೆಕ್ ನಿರ್ಬಂಧಗಳು. ‘ಕಾನ್‌ರೆಲ್‌ಐಡಿ’ ಯಾವ ಟೇಬಲ್ ಎಂಬುದನ್ನು, ‘ಕಾನ್‌ಕೀ’ ಯಾವ ಕಾಲಂ ಎಂಬುದನ್ನು ಹೇಳುತ್ತವೆ. ಆ ಸಾಲಿನ ‘ಓಐಡಿ’ಯನ್ನು, ಅಂದರೆ ಗುರುತಿನ ಸಂಖ್ಯೆಯನ್ನು, ‘ಪಿಜಿ_ಗೆಟ್_ಕನ್‌ಸ್ಟ್ರೇಂಟ್‌ಡೆಫ್’ ಎಂಬ ಫಂಕ್ಷನ್‌ಗೆ ಕೊಟ್ಟರೆ ನಿರ್ಬಂಧದ ಪೂರ್ತಿ ಪಠ್ಯ ಕೈಗೆ ಬರುತ್ತದೆ. ಹಳೆಯ ಪುಸ್ತಕಗಳಲ್ಲಿ ‘ಕಾನ್‌ಎಸ್‌ಆರ್‌ಸಿ’ ಕಾಲಂ ಓದಿ ಎಂದು ಬರೆದಿರುತ್ತಾರೆ. ಆ ಕಾಲಂ ಪೋಸ್ಟ್‌ಗ್ರೆಸ್ 12ರಲ್ಲಿ ಹೋಯಿತು, ಹುಡುಕಬೇಡಿ.

ಕೈಗೆ ಬಂದ ಪಠ್ಯ ನೀವು ಬರೆದ ಹಾಗೆ ಇರುವುದಿಲ್ಲ. ನೀವು ‘ಬಗೆ ಇನ್’ ಎಂದು ಬರೆದು ಆವರಣದಲ್ಲಿ ಆರು ಹೆಸರು ಕೊಟ್ಟಿರುತ್ತೀರಿ. ಪೋಸ್ಟ್‌ಗ್ರೆಸ್ ಅದನ್ನು ‘ಬಗೆ = ಎನಿ (ಅರೇ[...])’ ಎಂದು ತಿರುಗಿಸಿ ಇಟ್ಟುಕೊಳ್ಳುತ್ತದೆ, ಪ್ರತಿ ಹೆಸರಿನ ಹಿಂದೆ ಎರಡು ಜೋಡಿ ಚುಕ್ಕಿ ಹಾಕಿ ‘ಇದು ಪಠ್ಯ’ ಎಂದು ಹೇಳುವ ಬಾಲವೂ ಇರುತ್ತದೆ. ಇದನ್ನು ಅಲ್ಪವಿರಾಮದ ಬಳಿ ಕತ್ತರಿಸಿ, ಬಾಲ ಕಿತ್ತು, ಉದ್ಧರಣ ಚಿಹ್ನೆ ತೆಗೆದು ಫಾರಂಗೆ ಕೊಡಬಹುದು. ನಿಮ್ಮ ಆರು ಹೆಸರುಗಳಿಗೆ ಕೆಲಸವೂ ಮಾಡುತ್ತದೆ. ಆದರೆ ನಾಳೆ ಯಾರೋ ಒಬ್ಬರು ಅದೇ ನಿರ್ಬಂಧದಲ್ಲಿ ‘ಬಗೆ ಕೋಕಾ ಆದರೆ ತೇವಾಂಶದ ಕಾಲಂ ಖಾಲಿ ಇರಬಾರದು’ ಎಂಬಂಥ ಮಾತು ಸೇರಿಸುತ್ತಾರೆ. ಆ ದಿನ ನಿಮ್ಮ ಕತ್ತರಿ ತಪ್ಪು ಜಾಗದಲ್ಲಿ ಬೀಳುತ್ತದೆ. ಚೆಕ್ ನಿರ್ಬಂಧ ಎಂದರೆ ಪಟ್ಟಿಯಲ್ಲ. ಅದು ಹೌದು ಅಥವಾ ಅಲ್ಲ ಎಂದು ಉತ್ತರಿಸುವ ಒಂದು ವಾಕ್ಯ, ನಿಮ್ಮಲ್ಲಿ ಆ ವಾಕ್ಯದೊಳಗೆ ಪಟ್ಟಿಯೊಂದು ಸೇರಿಕೊಂಡಿದೆ ಅಷ್ಟೆ. ಆದ್ದರಿಂದ ಈ ದಾರಿ ತಪಾಸಣೆಗೆ ಒಳ್ಳೆಯದು: ಫಾರಂನ ಪಟ್ಟಿಯೂ ನಿರ್ಬಂಧದ ಪಟ್ಟಿಯೂ ಒಂದೇ ಆಗಿವೆಯೇ ಎಂದು ಪ್ರತಿ ಬೆಳಿಗ್ಗೆ ಹೋಲಿಸಿ ನೋಡಲು. ಟೆಂಡರ್ ದಿನ ಸದಸ್ಯರ ಮುಂದೆ ನಿಂತು ಇದನ್ನೇ ನಂಬಿಕೊಳ್ಳುವುದಕ್ಕೆ ಅಲ್ಲ.

ಖಾಲಿ ಬಿಟ್ಟ ಕಾಲಂ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಚೆಕ್ ನಿರ್ಬಂಧ ‘ನಲ್’ ಅನ್ನು ತಡೆಯುವುದಿಲ್ಲ. ಬಗೆಯನ್ನೇ ಬರೆಯದ ಚೀಟಿ ನಿಮ್ಮ ಆರು ಹೆಸರುಗಳ ಕಾವಲನ್ನು ದಾಟಿ ಒಳಗೆ ಬರುತ್ತದೆ, ಏಕೆಂದರೆ ಹೋಲಿಕೆಯ ಉತ್ತರ ‘ಗೊತ್ತಿಲ್ಲ’ ಎಂದಾದಾಗ ನಿರ್ಬಂಧ ಬಾಗಿಲು ತೆರೆಯುತ್ತದೆ. ‘ನಾಟ್ ನಲ್’ ಪ್ರತ್ಯೇಕವಾಗಿ ಹಾಕಿದ್ದೀರಾ ನೋಡಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ನನ್ನ ತವರು ಸಾಗರದ ಕಡೆ. ತಂದೆ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ತೂಕದ ಕಟ್ಟೆಯ ಪಕ್ಕದ ಗೋಡೆಯಲ್ಲಿ ಒಂದು ಕಪ್ಪು ಹಲಗೆ ಇತ್ತು. ಆ ದಿನ ಯಾವ ಯಾವ ಬಗೆ ತೆಗೆದುಕೊಳ್ಳುತ್ತಾರೆ ಎಂಬುದು ಅದರಲ್ಲಿ ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತು. ತೂಗುವವರು, ಚೀಟಿ ಬರೆಯುವವರು, ಖಾತೆಗೆ ಏರಿಸುವ ನನ್ನ ತಂದೆ, ಮೂವರೂ ತಲೆ ಎತ್ತಿ ಅದೇ ಹಲಗೆ ನೋಡುತ್ತಿದ್ದರು. ಹೊಸ ಬಗೆ ಸೇರಿಸಬೇಕಾದರೆ ಯಜಮಾನರು ಹಲಗೆಯಲ್ಲಿ ಒಂದು ಸಾಲು ಬರೆಯುತ್ತಿದ್ದರು. ಗೋಡೆ ಒಡೆದು ಕಟ್ಟುತ್ತಿರಲಿಲ್ಲ.

ನಿಮಗೆ ಬೇಕಾದದ್ದು ಆ ಹಲಗೆ. ‘ಅಡಿಕೆ_ಬಗೆ’ ಎಂದು ಒಂದು ಪುಟ್ಟ ಟೇಬಲ್ ಕಟ್ಟಿ. ನಾಲ್ಕು ಕಾಲಂ ಸಾಕು: ಸಂಕೇತ, ಹೆಸರು, ಪರದೆಯಲ್ಲಿ ತೋರಿಸುವ ಕ್ರಮ, ಚಾಲ್ತಿಯಲ್ಲಿದೆಯೇ ಇಲ್ಲವೇ. ತೂಕದ ಚೀಟಿಯ ಟೇಬಲಿನಿಂದ ಇದಕ್ಕೆ ಫಾರಿನ್ ಕೀ ಹಾಕಿ, ಅಂದರೆ ಈ ಟೇಬಲಿನಲ್ಲಿರುವ ಬಗೆಯನ್ನು ಮಾತ್ರ ಚೀಟಿಯಲ್ಲಿ ಬರೆಯಲು ಬಿಡುವ ಕೊಂಡಿ. ಆಗ ಕಾವಲೂ ಇರುತ್ತದೆ, ಪಟ್ಟಿಯೂ ಇರುತ್ತದೆ, ಎರಡೂ ಒಂದೇ ಕಡೆ. ಫಾರಂನ ಲಾಗಿನ್‌ಗೆ ಈ ಟೇಬಲನ್ನು ಓದುವ ಅನುಮತಿ ಮಾತ್ರ ಕೊಡಿ. ವರದಿಯೂ ಇಲ್ಲಿಂದಲೇ ಓದಲಿ. ಒಂದು ಬಗೆಯನ್ನು ಮುಂದೆ ತೆಗೆದುಕೊಳ್ಳುವುದಿಲ್ಲ ಎಂದಾದರೆ ಸಾಲನ್ನು ಅಳಿಸಬೇಕಿಲ್ಲ, ಚಾಲ್ತಿ ‘ಇಲ್ಲ’ ಎಂದು ಮಾಡಿ. ಫಾರಂನಲ್ಲಿ ಅದು ಕಾಣುವುದಿಲ್ಲ, ಹತ್ತು ವರ್ಷದ ಹಿಂದಿನ ಚೀಟಿ ಮಾತ್ರ ತನ್ನ ಹೆಸರು ಉಳಿಸಿಕೊಳ್ಳುತ್ತದೆ. ಚೆಕ್ ನಿರ್ಬಂಧದಲ್ಲಿ ಈ ‘ಹಿಂದೆ ಇತ್ತು, ಈಗ ಇಲ್ಲ’ ಎಂಬ ಮಾತನ್ನು ಹೇಳಲು ಜಾಗವೇ ಇಲ್ಲ.

ಸ್ಥಳಾಂತರ ಹೀಗೆ ಮಾಡಿ. ಹೊಸ ಟೇಬಲನ್ನು ತುಂಬಿ, ಫಾರಿನ್ ಕೀಯನ್ನು ‘ನಾಟ್ ವ್ಯಾಲಿಡ್’ ಎಂದು ಸೇರಿಸಿ. ಆ ಕ್ಷಣದಿಂದ ಹೊಸ ಚೀಟಿಗಳ ಪರೀಕ್ಷೆ ಶುರುವಾಗುತ್ತದೆ, ಹಳೆಯವನ್ನು ಮುಟ್ಟುವುದಿಲ್ಲ. ಕಚೇರಿ ಮುಚ್ಚಿದ ಮೇಲೆ ‘ವ್ಯಾಲಿಡೇಟ್ ಕನ್‌ಸ್ಟ್ರೇಂಟ್’ ಆದೇಶದಿಂದ ಹಳೆಯ ಚೀಟಿಗಳನ್ನೂ ಪರೀಕ್ಷಿಸಿ. ಎಲ್ಲವೂ ಸರಿ ಎಂದಾದ ಮೇಲೆ ಹಳೆಯ ಚೆಕ್ ನಿರ್ಬಂಧ ತೆಗೆಯಿರಿ, ಅದಕ್ಕೆ ಮೊದಲು ಬೇಡ.

ಕೆಲವರು ಇದಕ್ಕೆ ‘ಈನಮ್’ ಬಳಸಿ ಎನ್ನುತ್ತಾರೆ, ಅಂದರೆ ಇಂತಿಷ್ಟೇ ಹೆಸರುಗಳನ್ನು ಒಪ್ಪುವ ಕಾಲಂ. ಪೋಸ್ಟ್‌ಗ್ರೆಸ್‌ನಲ್ಲಿ ಈನಮ್‌ನ ಪಟ್ಟಿ ಓದುವುದು ಬಹಳ ಸುಲಭ: ‘ಈನಮ್_ರೇಂಜ್’ ಎಂದು ಕೇಳಿದರೆ ಕ್ರಮವಾಗಿ ಕೊಡುತ್ತದೆ, ಪಿಜಿ_ಈನಮ್ ಟೇಬಲಿನಲ್ಲೂ ಸಿಗುತ್ತದೆ. ಹೊಸ ಹೆಸರು ಸೇರಿಸಬಹುದು. ಸೇರಿಸಿದ್ದನ್ನು ತೆಗೆಯಲು ಆದೇಶವಿಲ್ಲ. ಮಾರುಕಟ್ಟೆಗೆ ತಕ್ಕಂತೆ ಹೆಚ್ಚುಕಡಿಮೆಯಾಗುವ ಪಟ್ಟಿಗೆ ನಾನು ಅದನ್ನು ಹಾಕುವುದಿಲ್ಲ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದವು. ಬೆಲ್ಗಾಮ್ ಬೆಳಗಾವಿಯಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು, ಬೆಲ್ಲಾರಿ ಬಳ್ಳಾರಿಯಾಯಿತು. ನಾನಿದ್ದ ಬ್ಯಾಂಕಿನ ಒರಾಕಲ್ ಡೇಟಾಬೇಸಿನಲ್ಲಿ ಶಾಖೆಯ ಊರನ್ನು ಚೆಕ್ ನಿರ್ಬಂಧದೊಳಗೆ ಬರೆದಿದ್ದರು, ಅದೂ ಒಂದೇ ಟೇಬಲಿನಲ್ಲಿ ಅಲ್ಲ. ಹಳೆಯ ಹೆಸರು ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಲು ‘ಯೂಸರ್_ಕನ್‌ಸ್ಟ್ರೇಂಟ್ಸ್’ ತೆರೆದೆ. ಪಠ್ಯವಿರುವ ‘ಸರ್ಚ್_ಕಂಡಿಶನ್’ ಕಾಲಂ ‘ಲಾಂಗ್’ ಎಂಬ ಹಳೆಯ ಬಗೆಯದು, ಅದರೊಳಗೆ ‘ಲೈಕ್’ ಹಾಕಿ ಹುಡುಕಲು ಬರುವುದಿಲ್ಲ. ಒಂದೊಂದೇ ಸಾಲನ್ನು ಓದಿ ಹುಡುಕುವ ಪುಟ್ಟ ಪಿಎಲ್ ಎಸ್‌ಕ್ಯೂಎಲ್ ಪ್ರೋಗ್ರಾಂ ಬರೆದು, ಹದಿನಾಲ್ಕು ಟೇಬಲ್‌ಗಳ ನಿರ್ಬಂಧ ಕಿತ್ತು ಮತ್ತೆ ಕಟ್ಟಿದ್ದು ಎರಡು ಭಾನುವಾರಗಳ ಕೆಲಸ. ಒರಾಕಲ್ 12ರಿಂದ ‘ಸರ್ಚ್_ಕಂಡಿಶನ್_ವಿಸಿ’ ಎಂಬ ಇನ್ನೊಂದು ಕಾಲಂ ಬಂದಿದೆ, ಅದರಲ್ಲಿ ಹುಡುಕಬಹುದು. ನಮ್ಮಲ್ಲಿ ಆಗ ಇದ್ದದ್ದು 11. ಊರುಗಳಿಗೊಂದು ಟೇಬಲ್ ಇದ್ದಿದ್ದರೆ 12 ಸಾಲು ತಿದ್ದಿ ಮನೆಗೆ ಹೋಗಬಹುದಿತ್ತು.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿಸಿಎ ವಿದ್ಯಾರ್ಥಿನಿ. ಪ್ರಾಜೆಕ್ಟಿನಲ್ಲಿ ‘ಸೆಮಿಸ್ಟರ್’ 1ರಿಂದ 6 ಮಾತ್ರ ಇರಬೇಕು ಎಂದು ಚೆಕ್ ಹಾಕಿದ್ದೇನೆ. ಕಾಲೇಜಿನ ಮೈಎಸ್‌ಕ್ಯೂಎಲ್‌ನಲ್ಲಿ 9 ಎಂದು ಹಾಕಿದರೂ ಸೇರುತ್ತದೆ, ಮನೆಯ ಎಕ್ಸಾಂಪ್ ಎಂಬ ತಂತ್ರಾಂಶದ ಕಟ್ಟಿನಲ್ಲಿ ತಡೆಯುತ್ತದೆ. ನನ್ನ ತಪ್ಪು ಎಲ್ಲಿದೆ?

ಉತ್ತರ: ತಪ್ಪು ನಿಮ್ಮದಲ್ಲ. ಮೈಎಸ್‌ಕ್ಯೂಎಲ್ 8.0.16ಕ್ಕಿಂತ ಹಿಂದಿನ ಆವೃತ್ತಿಗಳು ಚೆಕ್ ಎಂದು ಬರೆದದ್ದನ್ನು ಓದಿ, ದೋಷವನ್ನೂ ಹೇಳದೆ, ಬಿಟ್ಟುಬಿಡುತ್ತಿದ್ದವು. ಜಾರಿಗೆ ಬಂದದ್ದು 2019ರಲ್ಲಿ. ಎಕ್ಸಾಂಪ್‌ನ ಒಳಗಿರುವುದು ಮೈಎಸ್‌ಕ್ಯೂಎಲ್ ಅಲ್ಲ, ಮರಿಯಾಡಿಬಿ. ಅದು 10.2.1ರಿಂದಲೇ ಚೆಕ್ ಅನ್ನು ಪಾಲಿಸುತ್ತದೆ. ಎರಡೂ ಕಡೆ ‘ಸೆಲೆಕ್ಟ್ ವರ್ಷನ್()’ ಎಂದು ಕೇಳಿ ನೋಡಿ. ನಂತರ ‘ಶೋ ಕ್ರಿಯೇಟ್ ಟೇಬಲ್’ ಕೊಡಿ. ಅದರಲ್ಲಿ ಚೆಕ್ ಕಾಣದಿದ್ದರೆ ಡೇಟಾಬೇಸಿನಲ್ಲೂ ಅದು ಇಲ್ಲ, ನಿಮ್ಮ ಕಡತದಲ್ಲಿ ಬರೆದಿದ್ದರೂ ಇಲ್ಲ. ಕಾಲೇಜಿನವರು ಆವೃತ್ತಿ ಏರಿಸಿದರೂ ಆಗ ಬಿಟ್ಟುಹೋದದ್ದು ತಾನಾಗಿ ಮರಳುವುದಿಲ್ಲ, ಮತ್ತೆ ಸೇರಿಸಬೇಕು. ಆ 9ರ ಸಾಲನ್ನು ಮೊದಲು ಸರಿಪಡಿಸಿ, ಇಲ್ಲವಾದರೆ ಸೇರಿಸಲು ಬಿಡುವುದಿಲ್ಲ. ಪ್ರಾಜೆಕ್ಟ್ ವರದಿಯಲ್ಲಿ ಈ ಸಂಗತಿಯನ್ನು ಒಂದು ಪುಟ ಬರೆಯಿರಿ. ಪರೀಕ್ಷಕರು ಓದಿ ಮೆಚ್ಚುವಂಥ ಪುಟವಾಗುತ್ತದೆ.

ಪ್ರಶ್ನೆ: ಮೈಸೂರಿನ ಒಂದು ರಕ್ತನಿಧಿಯಲ್ಲಿ ದಾಖಲೆ ಬರೆಯುವ ಕೆಲಸ ನನ್ನದು. ರಕ್ತದ ಗುಂಪಿನ ಕಾಲಂನಲ್ಲಿ ಎಂಟೇ ಆಯ್ಕೆ ಇವೆ. ಕಳೆದ ವಾರ ವೈದ್ಯರು ಒಬ್ಬ ದಾನಿಯದು ‘ಬಾಂಬೆ ಗುಂಪು’ ಎಂದು ಬರೆದುಕೊಟ್ಟರು. ತಂತ್ರಾಂಶ ಒಪ್ಪಲಿಲ್ಲ. ‘ಓ’ ಎಂದು ಹಾಕಿ, ಷರಾದಲ್ಲಿ ಬರೆದರೆ ಸಾಕು ಎಂದು ಸಹೋದ್ಯೋಗಿ ಹೇಳಿದರು. ಎಸ್‌ಕ್ಯೂಎಲ್ ಸರ್ವರ್ ಇದೆ. ಆ ಎಂಟು ಎಲ್ಲಿ ಬರೆದಿವೆ ಎಂದು ನಾನೇ ನೋಡಬಹುದೇ?

ಉತ್ತರ: ‘ಓ’ ಎಂದು ಹಾಕಬೇಡಿ. ಹಾಕಿದ್ದರೆ ಇಂದೇ ವೈದ್ಯಾಧಿಕಾರಿಯ ಗಮನಕ್ಕೆ ತನ್ನಿ. ಉಳಿದದ್ದನ್ನು ಆಮೇಲೆ ಓದಿ.

ಈ ಗುಂಪನ್ನು ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ಅಂದಿನ ಬಾಂಬೆಯಲ್ಲಿ ಗುರುತಿಸಿದರು, ಹೆಸರು ಬಂದದ್ದು ಆ ಊರಿನಿಂದ. ಈ ಗುಂಪಿನವರ ಕೆಂಪು ಕಣಗಳಲ್ಲಿ ಎ ಇಲ್ಲ, ಬಿ ಇಲ್ಲ. ಆದ್ದರಿಂದ ಮಾಮೂಲು ಪರೀಕ್ಷೆಯಲ್ಲಿ ‘ಓ’ ಎಂದೇ ಕಾಣುತ್ತದೆ. ಆದರೆ ಓ ಗುಂಪಿನವರಲ್ಲಿ ಇರುವ ಎಚ್ ಎಂಬ ಅಂಶವೂ ಇವರಲ್ಲಿಲ್ಲ, ಅದರ ವಿರುದ್ಧದ ಪ್ರತಿಕಾಯ ಇವರ ರಕ್ತದಲ್ಲಿದೆ. ಹಾಗಾಗಿ ಓ ರಕ್ತವನ್ನೂ ಇವರಿಗೆ ಕೊಡುವಂತಿಲ್ಲ, ತಮ್ಮದೇ ಗುಂಪಿನವರ ರಕ್ತ ಬೇಕು. ಆ ದಾನಿಯನ್ನು ‘ಓ’ ಎಂದು ಬರೆದರೆ ಎರಡು ಅನ್ಯಾಯ ಒಟ್ಟಿಗೆ ಆಗುತ್ತವೆ. ನಾಳೆ ಅವರೇ ಗಾಯಗೊಂಡು ಬಂದಾಗ ದಾಖಲೆ ತಪ್ಪು ಹೇಳುತ್ತದೆ. ಇನ್ನೊಬ್ಬ ಬಾಂಬೆ ಗುಂಪಿನವರಿಗೆ ತುರ್ತಾಗಿ ಬೇಕಾದಾಗ ಹುಡುಕಿದರೆ ಇವರ ಹೆಸರು ಬರುವುದಿಲ್ಲ, ಏಕೆಂದರೆ ಷರಾ ಕಾಲಂನಲ್ಲಿ ಯಾರೂ ಹುಡುಕುವುದಿಲ್ಲ. ಪಟ್ಟಿಯಲ್ಲಿ ಜಾಗವಿಲ್ಲದ ಮನುಷ್ಯರು ಹೀಗೆ ಪಕ್ಕದ ಮನೆಯ ಲೆಕ್ಕಕ್ಕೆ ಸೇರಿಹೋಗುವುದನ್ನು ನಾನು ಬ್ಯಾಂಕಿನಲ್ಲೂ ಕಂಡಿದ್ದೇನೆ. ಅಲ್ಲಿ ಹೋಗುವುದು ಹಣ. ಇಲ್ಲಿ ಹಾಗಲ್ಲ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಸಿಸ್ ಡಾಟ್ ಚೆಕ್_ಕನ್‌ಸ್ಟ್ರೇಂಟ್ಸ್’ ಎಂಬುದರ ‘ಡೆಫಿನಿಶನ್’ ಕಾಲಂ ನೋಡಿ. ನೀವು ‘ಇನ್’ ಎಂದು ಬರೆದ ಪಟ್ಟಿ ಅಲ್ಲಿ ‘ಆರ್’ ‘ಆರ್’ ಎಂದು ಬಿಡಿಸಿಕೊಂಡು, ಕೊನೆಯ ಹೆಸರು ಮೊದಲಾಗಿ ಕಾಣುತ್ತದೆ. ಗಾಬರಿಯಾಗಬೇಡಿ, ಅರ್ಥ ಅದೇ. ‘ಡೆಫಿನಿಶನ್’ ನಲ್ ಎಂದು ಬಂದರೆ ನಿಮ್ಮ ಲಾಗಿನ್‌ಗೆ ‘ವ್ಯೂ ಡೆಫಿನಿಶನ್’ ಅನುಮತಿ ಇಲ್ಲ ಎಂದರ್ಥ.

ನೋಡಿದ ಮೇಲೆ ಬದಲಾವಣೆ ನೀವೇ ಮಾಡಬೇಡಿ, ತಂತ್ರಾಂಶದವರಿಗೆ ಬರವಣಿಗೆಯಲ್ಲಿ ಕೇಳಿ. ನನ್ನ ಸಲಹೆ ಇದು: ಎಂಟನ್ನು ಹತ್ತು ಮಾಡುವುದಕ್ಕಿಂತ ಕಾಲಂ ಎರಡು ಮಾಡಿ. ಒಂದರಲ್ಲಿ ಎ, ಬಿ, ಎಬಿ, ಓ, ಬಾಂಬೆ. ಇನ್ನೊಂದರಲ್ಲಿ ಆರ್‌ಎಚ್ ಇದೆ ಅಥವಾ ಇಲ್ಲ. ‘ಇನ್ನೂ ಪರೀಕ್ಷೆ ಆಗಿಲ್ಲ’ ಎಂಬುದಕ್ಕೂ ತನ್ನದೇ ಗುರುತು ಇರಲಿ, ಖಾಲಿ ಜಾಗ ಆ ಕೆಲಸ ಮಾಡಬಾರದು. ಹೆಸರುಗಳನ್ನು ಹೇಗೆ ಬರೆಯಬೇಕು ಎಂಬುದನ್ನು ವೈದ್ಯಾಧಿಕಾರಿ ಹೇಳಲಿ, ಪ್ರೋಗ್ರಾಂ ಬರೆಯುವವರಲ್ಲ.

ಪ್ರಶ್ನೆ: ತೀರ್ಥಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಪಟ್ಟಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ನಾಲ್ಕು ಇವೆ. ನಿರ್ಬಂಧದ ಪಠ್ಯವನ್ನು ತೆರೆದು ನೋಡಿದ್ದೇನೆ, ನಾಲ್ಕೂ ಅಲ್ಲಿವೆ. ಹಳೆಯ ಲೆಕ್ಕಗಳನ್ನು ಒಂದು ಕಡತದಿಂದ ಪೋಸ್ಟ್‌ಗ್ರೆಸ್‌ಗೆ ಏರಿಸುವಾಗ ಮೂರು ಬಗೆ ಸೇರುತ್ತವೆ, ಗೊರಬಲು ಮಾತ್ರ ಒಂದೂ ಸೇರುವುದಿಲ್ಲ. ಅಕ್ಷರ ಅಕ್ಷರ ಹೋಲಿಸಿದೆ. ಹಿಂದೆ ಮುಂದೆ ಖಾಲಿ ಜಾಗವೂ ಇಲ್ಲ.

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಯಾವುದು ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಬಿಡಿಸಿ ಬರೆದಿದ್ದೀರಿ, ಉತ್ತರ ಅದರೊಳಗೇ ಇದೆ. ನಾಲ್ಕರಲ್ಲಿ ಒಕಾರ ಇರುವುದು ಗೊರಬಲುವಿಗೆ ಮಾತ್ರ.

ಯುನಿಕೋಡ್‌ನಲ್ಲಿ ‘ಗೊ’ ಬರೆಯಲು ಎರಡು ದಾರಿ ಇವೆ. ಗಕಾರಕ್ಕೆ ಒಕಾರದ ಒಂದೇ ಚಿಹ್ನೆ ಹಾಕುವುದು ಒಂದು. ಗಕಾರಕ್ಕೆ ಎಕಾರದ ಚಿಹ್ನೆ ಹಾಕಿ, ಅದರ ಮೇಲೆ ಊಕಾರದ ಚಿಹ್ನೆ ಹಾಕುವುದು ಇನ್ನೊಂದು. ಪರದೆಯ ಮೇಲೆ ಎರಡೂ ‘ಗೊ’ ಎಂದೇ ಕಾಣುತ್ತವೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ನೀವು ಎಷ್ಟು ಹೊತ್ತು ಹೋಲಿಸಿದರೂ ತಿಳಿಯುತ್ತಿರಲಿಲ್ಲ. ಆದರೆ ಪೋಸ್ಟ್‌ಗ್ರೆಸ್ ಹೋಲಿಸುವುದು ಒಳಗಿನ ಸಂಖ್ಯೆಗಳನ್ನು, ಅದಕ್ಕೆ ಇವೆರಡೂ ಬೇರೆ ಬೇರೆ ಪದ. ಯುನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿದ್ದ ಲೆಕ್ಕಗಳನ್ನು ಪರಿವರ್ತಿಸಿದ ಕಡತಗಳಲ್ಲಿ ಈ ಎರಡನೆಯ ರೂಪವನ್ನು ನಾನು ಹಲವು ಸಲ ಕಂಡಿದ್ದೇನೆ. ನಿಮ್ಮದೂ ಅಂಥ ಕಡತವೇ ಇರಬೇಕು.

ಪರೀಕ್ಷೆ ಸುಲಭ. ‘ಲೆಂತ್’ ಫಂಕ್ಷನ್‌ಗೆ ನಿರ್ಬಂಧದಲ್ಲಿರುವ ಗೊರಬಲು ಕೊಡಿ: 6 ಬರಬೇಕು. ಗ, ಒಕಾರ, ರ, ಬ, ಲ, ಉಕಾರ. ಕಡತದ ಗೊರಬಲು ಕೊಡಿ. 7 ಬಂದರೆ ಕಳ್ಳ ಸಿಕ್ಕಿದ. ಉತ್ತರ ಕನ್ನಡದ ಓದುಗರೂ ಇದನ್ನು ಗಮನಿಸಬೇಕು. ಬಿಳಿಗೋಟು, ಕೆಂಪುಗೋಟು, ಕೋಕಾ ಮೂರರಲ್ಲೂ ಓಕಾರವಿದೆ, ಬಿಡಿಸಿ ಬರೆದರೆ ಅದು ಮೂರು ಚಿಹ್ನೆಯಾಗುತ್ತದೆ. ಬಿಳಿಗೋಟು 8ರ ಬದಲು 10 ಎನ್ನುತ್ತದೆ.

ಪೋಸ್ಟ್‌ಗ್ರೆಸ್ 13ರಿಂದ ‘ನಾರ್ಮಲೈಜ್’ ಎಂಬ ಫಂಕ್ಷನ್ ಇದೆ, ಡೇಟಾಬೇಸ್ ಯುಟಿಎಫ್8 ಎಂಬ ಯುನಿಕೋಡ್ ಕ್ರಮದಲ್ಲಿರಬೇಕು. ಅದು ಬಿಡಿ ಚಿಹ್ನೆಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುತ್ತದೆ. ಕಡತವನ್ನು ನೇರವಾಗಿ ಟೇಬಲಿಗೆ ಏರಿಸಬೇಡಿ. ನಿರ್ಬಂಧವಿಲ್ಲದ ಒಂದು ತಾತ್ಕಾಲಿಕ ಟೇಬಲಿಗೆ ಏರಿಸಿ, ಅಲ್ಲಿಂದ ‘ನಾರ್ಮಲೈಜ್’ ಮೂಲಕ ನಿಜವಾದ ಟೇಬಲಿಗೆ ಸೇರಿಸಿ. ಇದನ್ನು ಬಗೆಯ ಕಾಲಂಗೆ ಮಾತ್ರ ಮಾಡಿ ಸುಮ್ಮನಾಗಬೇಡಿ. ಸದಸ್ಯರ ಹೆಸರು, ಊರು, ತೋಟದ ಹೆಸರಿನ ಕಾಲಂಗಳಿಗೆ ಯಾವ ನಿರ್ಬಂಧವೂ ಇಲ್ಲದ ಕಾರಣ ಅಲ್ಲಿ ಬಿಡಿ ರೂಪಗಳು ಸದ್ದಿಲ್ಲದೆ ಒಳಗೆ ಹೋಗಿರುತ್ತವೆ. ಕೊಪ್ಪ ಎಂದು ಹುಡುಕಿದಾಗ ಅರ್ಧ ಸದಸ್ಯರು ಮಾತ್ರ ಸಿಗುವುದು ಆಗಲೇ. ಗೊರಬಲು ತಡೆದು ನಿಂತದ್ದರಿಂದ ನಿಮಗೆ ತಿಳಿಯಿತು. ಅವನ್ನೂ ನಾರ್ಮಲೈಜ್ ಮಾಡಿದ ಮೇಲೆ, ಆ ಕಾಲಂಗಳಿಗೆ ‘ಈಸ್ ನಾರ್ಮಲೈಜ್ಡ್’ ಎಂಬ ಚೆಕ್ ಹಾಕಿ, ಆಮೇಲೆ ಮುಂದಿನ ವರ್ಷದ ಕಡತ ಏರಿಸಿ.